ಕಾಣೆಯಾದ ಗುಂಡು

ಕನ್ನಡದಲ್ಲಿ ‘ಗುಂಡು’ ಅನ್ನೋ ಪದಕ್ಕೆ ಎಷ್ಟು ಅರ್ಥ ನೋಡಿ. ಪೊಲೀಸರ ಬಂದೂಕಿನಿಂದ ಹಾರುವುದೂ ಗುಂಡು, ಸಂಜೆಯಾದರೆ ಕೆಲವರು ಹಾಕುವುದೂ ಗುಂಡು, ಒರಳಿನಲ್ಲಿ ಅಕ್ಕಿ-ಉದ್ದು ರುಬ್ಬುವುದೂ ಗುಂಡೇ. ಪತ್ತೇದಾರಿ ಕಾದಂಬರಿಗೆ ಇಷ್ಟು ಅನುಕೂಲದ ಪದ ಇನ್ನೊಂದಿಲ್ಲ ಅನ್ನಿಸಿ, ‘ಕಾಣೆಯಾದ ಗುಂಡು’ ಅಂತ ಒಂದು ನಗೆ-ಪತ್ತೇದಾರಿ ಬರೆಯಲು ಕೂತೆ. ಕೊಲೆ ಇಲ್ಲ, ರಕ್ತ ಇಲ್ಲ. ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ, ಊರಿಂದ ಬಸ್ಸಿನಲ್ಲಿ ಹೊತ್ತು ತಂದ ಅಜ್ಜಿ ಕಾಲದ ಒರಳಿನ ಗುಂಡು ಒಂದು ಬೆಳಿಗ್ಗೆ ನಾಪತ್ತೆ. ಅಷ್ಟೇ ಕತೆ.

ನಾನು ತಿಪಟೂರಿನವಳು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸಮಾಜ ವಿಜ್ಞಾನದ ಪುಸ್ತಕದೊಳಗೆ ಬಚ್ಚಿಟ್ಟು ಓದಿದವಳು. 1994ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದೆ, ಆಮೇಲೆ ಫೋರ್ಟಿನ ಒಂದು ಆಫೀಸು ಸೇರಿದೆ. ನನ್ನ ಬರವಣಿಗೆಯೆಲ್ಲ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲೇ. ಸರಿಯಾದ ಸೀಟು ಸಿಕ್ಕ ದಿನ ಎರಡು ಪುಟ, ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂತ ದಿನ ಅರ್ಧ ಪುಟ. ನಿಂತ ದಿನ ಬರೀ ಯೋಚನೆ.

ಬರೆದದ್ದನ್ನು ಓದಿ ಹೇಳಲು ಒಂದು ಬಳಗ ಬೇಕಲ್ಲ? ನಾವು ಐದು ಜನ ಇದ್ದೆವು. ತಿಂಗಳ ಎರಡನೇ ಭಾನುವಾರ ಒಬ್ಬರ ಮನೆಯಲ್ಲಿ ಸೇರುವುದು, ಬರೆದದ್ದನ್ನು ಓದುವುದು, ಅವಲಕ್ಕಿ ತಿನ್ನುವುದು. ಧಾರವಾಡದ ಟೀಚರ್ ಹಾಸ್ಯ ಬರೆಯುತ್ತಿದ್ದರು. ಮಂಗಳೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರು ದೆವ್ವದ ಕತೆ. ಮೈಸೂರಿನ ಹುಡುಗನೊಬ್ಬ ಎಲ್ಲವನ್ನೂ ಶುರು ಮಾಡುತ್ತಿದ್ದ, ಯಾವುದನ್ನೂ ಮುಗಿಸುತ್ತಿರಲಿಲ್ಲ. ಐದನೆಯವರು ನಮ್ಮ ಎದುರು ಮನೆಯ ಕುಂದಾಪುರದ ಅಕ್ಕ, ಹಳೇ ಡೈರಿಗಳಲ್ಲಿ ತಮ್ಮ ಊರಿನ ಕಳ್ಳರ ಕತೆ ಬರೆದಿಡುತ್ತಿದ್ದವರು.

ಊರು ಬಿಟ್ಟವರು ಪತ್ತೇದಾರಿ ಬರೆಯಬಹುದಾ ಅಂತ ನೀವು ಕೇಳಬಹುದು. ಧಾರಾಳವಾಗಿ. ಬಂಗಾಳಿಯ ಶರದಿಂದು ಬಂದ್ಯೋಪಾಧ್ಯಾಯರು ಬ್ಯೋಮಕೇಶನನ್ನು ಸೃಷ್ಟಿಸಿದ್ದು 1932ರಲ್ಲಿ. 1938ರಲ್ಲಿ ಸಿನಿಮಾಕ್ಕೆ ಬರೆಯಲು ನಮ್ಮ ಮುಂಬಯಿಗೆ ಬಂದರು, ಆಮೇಲೆ ಪುಣೆಯಲ್ಲಿ ನೆಲೆಸಿದರು. ಅಲ್ಲಿ ಕೂತೇ ಬ್ಯೋಮಕೇಶನನ್ನು ಕಲ್ಕತ್ತೆಯ ಬೀದಿಗಳಲ್ಲಿ ಓಡಾಡಿಸಿದರು. ಆದರೆ ನನ್ನ ವಿಷಯ ಸ್ವಲ್ಪ ಬೇರೆ. ತಿಪಟೂರಿನಲ್ಲೇ ಇದ್ದಿದ್ದರೆ ನನಗೆ ತಿಪಟೂರಿನ ಕನ್ನಡವೊಂದೇ ಕಿವಿಗೆ ಬೀಳುತ್ತಿತ್ತು. ಇಡೀ ಕರ್ನಾಟಕ ಒಂದೇ ಜಗಲಿಯಲ್ಲಿ ಕೂತು ಮಾತಾಡಿದ್ದನ್ನು ನಾನು ಕೇಳಿದ್ದು ಡೊಂಬಿವಲಿಯಲ್ಲಿ. ಮೊದಲ ಅಧ್ಯಾಯ ಓದಿದ ದಿನ ಅರ್ಧ ಗಂಟೆ ಚರ್ಚೆ ನಡೆದದ್ದು ಕಳ್ಳನ ಬಗ್ಗೆ ಅಲ್ಲ, ಕಲ್ಲಿನ ಬಗ್ಗೆ. ನಾನು ಒರಳುಕಲ್ಲು ಅಂದೆ, ಟೀಚರ್ ಒಳ್ಳ ಅಂದರು, ಮ್ಯಾನೇಜರು ಕಡೆಯುವ ಕಲ್ಲು ಅಂದರು. “ಅದೆಲ್ಲಾ ಇರ್ಲಿ, ಗುಂಡಕಲ್ಲು ಕದ್ದು ಯಾಂವ ಏನ್ ಮಾಡ್ತಾನ್ರೀ?” ಅಂತ ಟೀಚರ್ ಕೇಳಿದ್ದೇ ನನ್ನ ಕಾದಂಬರಿಗೆ ಸಿಕ್ಕ ಮೊದಲ ವಿಮರ್ಶೆ.

ನನ್ನ ಪತ್ತೇದಾರ ಮಂಡ್ಯ ಕಡೆಯ ನಿವೃತ್ತ ಬ್ಯಾಂಕ್ ಇನ್‌ಸ್ಪೆಕ್ಟರು. ಅವನು ಕೆಲಸ ಮಾಡಿದ ಬ್ಯಾಂಕೇ ಈಗ ಇಲ್ಲ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರ ಏಪ್ರಿಲ್ ಒಂದರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಸಿಂಡಿಕೇಟ್ ಬ್ಯಾಂಕು ಅದೇ ದಿನ ಕೆನರಾದೊಳಗೆ. “ಬ್ಯಾಂಕೇ ಕಾಣೆಯಾದಾಗ ಹುಡುಕದವನು ಗುಂಡು ಹುಡುಕ್ತಾನಾ?” ಅಂತ ಪತ್ತೇದಾರನ ಹೆಂಡತಿ ಹಂಗಿಸುವ ಮಾತಿಗೆ ನಮ್ಮ ಮ್ಯಾನೇಜರು ನಗಲಿಲ್ಲ. ಸುಮ್ಮನೆ ಕನ್ನಡಕ ಒರೆಸಿಕೊಂಡರು. ನಗೆಬರಹ ಓದುವಾಗ ಹೀಗೂ ಆಗುತ್ತದೆ.

ಇನ್ನು ಮುಖ್ಯವಾದ ಸುಳಿವಿನ ಕತೆ. ನಾನು ಹೊಸದಾಗಿ ಬಂದಾಗ ಎದುರು ಮನೆಯ ಅಕ್ಕ ಲೋಟ ಹಿಡಿದು ಬಂದು, “ಸಕ್ರಿ ಇತ್ತಾ?” ಅಂದರು. ನಿನ್ನೆ ಖಾಲಿಯಾಗಿದ್ದರಿಂದ ನಾನು “ಇತ್ತು” ಅಂದೆ. ಅವರು ಹೋಗಲಿಲ್ಲ, ಲೋಟ ಹಿಡಿದು ನಿಂತೇ ಇದ್ದರು. ನಾನೂ ನಿಂತೇ ಇದ್ದೆ. ಕುಂದಾಪುರದಲ್ಲಿ ‘ಇತ್ತ್’ ಅಂದರೆ ‘ಇದೆ’ ಅಂತ ನನಗೆ ಯಾರು ಹೇಳಬೇಕು? ಅವರಿಗಿದ್ದ ಸಕ್ಕರೆ ನನಗೆ ಮುಗಿದುಹೋಗಿತ್ತು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು, ಸ್ನೇಹ ಶುರುವಾಯಿತು.

ಇದನ್ನೇ ಕಾದಂಬರಿಗೆ ತಂದೆ. ಎರಡನೇ ಅಧ್ಯಾಯದಲ್ಲೇ ಕುಂದಾಪುರದ ಒಬ್ಬ ಅಜ್ಜಿ ಪತ್ತೇದಾರನಿಗೆ, “ಗುಂಡು ಟೆರೇಸಲ್ಲಿ ಇತ್ತ್” ಅಂತಾರೆ. ಅವನು ಜೀವಮಾನವೆಲ್ಲ ಲೆಡ್ಜರಿನಿಂದ ತಲೆಯೆತ್ತಿ ಪಕ್ಕದವರ ಮಾತು ಕೇಳಿದವನಲ್ಲ. ‘ಹಿಂದೆ ಟೆರೇಸಿನಲ್ಲಿತ್ತು, ಈಗಿಲ್ಲ’ ಅಂತ ಬರೆದುಕೊಂಡು ನೂರಿಪ್ಪತ್ತು ಪುಟ ಊರೆಲ್ಲ ಅಲೆಯುತ್ತಾನೆ. ಗುಂಡು ಮಾತ್ರ ಟೆರೇಸಿನಲ್ಲೇ, ಮಳೆಗಾಲದ ತಾಡಪತ್ರಿ ಹಾರದಂತೆ ಕೂತಿರುತ್ತದೆ.

ಆ ಅಧ್ಯಾಯ ಓದಿದಾಗ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಉಳಿದವರು ಯಾಕೆ ಅಂತ ಕೇಳಿದರೆ ಬಾಯಿಬಿಡಲಿಲ್ಲ. ಟೀಚರ್ ತಿಂಗಳಿಗೊಬ್ಬ ಹೊಸ ಕಳ್ಳನನ್ನು ಹಿಡಿಯುತ್ತಿದ್ದರು: “ಅಂವ ಸೆಕ್ರೆಟರೀನೇ ಕಳ್ಳ ನೋಡ್ರಿ!” ಏಳು ತಿಂಗಳು ಅಕ್ಕ ಗುಟ್ಟು ಕಾಪಾಡಿದರು. ಬರೆಯುವವರಿಗೆ ಇಂಥ ಓದುಗರು ಒಬ್ಬರಿದ್ದರೆ ಸಾಕು.

ಕಾದಂಬರಿ ಮುಗಿಯುವ ಮೊದಲು ಬಳಗ ಕರಗಿತು. 2023ರಲ್ಲಿ ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಗಂಡ ತೀರಿಕೊಂಡಿದ್ದ ಅಕ್ಕ ಕುಂದಾಪುರಕ್ಕೆ ತಮ್ಮನ ಮನೆಗೆ ಹೊರಟರು. ಮ್ಯಾನೇಜರು ಮಗಳಿರುವ ಹೈದರಾಬಾದಿಗೆ. ಕೊನೆಯ ಅಧ್ಯಾಯವನ್ನು ಉಳಿದಿಬ್ಬರಿಗೂ ನನ್ನ ಮಗಳಿಗೂ ಓದಿದೆ. ಮೂವರೂ ನಗಲಿಲ್ಲ. ‘ಇತ್ತ್’ ಅಂದರೇನು ಅಂತ ವಿವರಿಸಿದೆ. ಆಗ ನಕ್ಕರು, ಮರ್ಯಾದೆಗೆ. ನಗೆಗೂ ಪತ್ತೇದಾರಿಗೂ ಒಂದೇ ಜಾತಕ: ವಿವರಿಸಿದರೆ ಆಯುಸ್ಸು ಮುಗಿಯಿತು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಗಳು, “ಅಮ್ಮಾ, ಬೇರೆ ಸುಳಿವು ಇಟ್ಟುಬಿಡು, ಎಲ್ಲರಿಗೂ ಅರ್ಥವಾಗೋ ಥರ” ಅಂದಳು. ಅವಳು ಹೇಳಿದ್ದರಲ್ಲೂ ನ್ಯಾಯವಿತ್ತು.

ಅಕ್ಕನಿಗೆ ಫೋನ್ ಮಾಡಿದೆ. ಊರಲ್ಲಾದರೂ ಇದು ಓಡುತ್ತಲ್ಲ ಅನ್ನೋ ಧೈರ್ಯ ನನಗೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮನ ಮೊಮ್ಮಕ್ಕಳು ಮನೆಯಲ್ಲೂ ‘ಇದೆ, ಇದೆ’ ಅಂತಲೇ ಮಾತಾಡುತ್ತವೆ, ಟಿವಿಯವರ ಹಾಗೆ, ಅಂದರು. ಹಾಗಾದರೆ ಬದಲಾಯಿಸಲಾ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಬದಲಾಯಿಸಿಲ್ಲ. ಅಡಿಟಿಪ್ಪಣಿಯನ್ನೂ ಹಾಕಿಲ್ಲ. ಆ ಎರಡಕ್ಷರ ತೆಗೆದರೆ ಕಾದಂಬರಿಗೆ ಏನೂ ಆಗಲ್ಲ, ಇನ್ನೊಂದು ಸುಳಿವು ಹುಟ್ಟುತ್ತದೆ. ಆದರೆ ಲೋಟ ಹಿಡಿದು ಬಾಗಿಲಲ್ಲಿ ನಿಂತವರು ಹೊರಟುಹೋಗುತ್ತಾರೆ. ಊರಲ್ಲಿರುವ ನೀವು ಪಕ್ಕದ ಜಿಲ್ಲೆಯವರನ್ನು ಕರೆದು ಕೂರಿಸಿಕೊಂಡು ಓದಿದರಾಯಿತು.

ಸುಳಿವನ್ನೇನೋ ಇಲ್ಲಿ ಹೇಳಿಬಿಟ್ಟೆ. ಗುಂಡನ್ನು ಟೆರೇಸಿಗೆ ಸಾಗಿಸಿದವರು ಯಾರು ಅಂತ ಮಾತ್ರ ಹೇಳಲ್ಲ. ಹತ್ತು ಕಿಲೋ ಕಲ್ಲು, ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಯೋಚನೆ ಮಾಡ್ತಾ ಇರಿ.