ಕೈ ಮಾಡಿದ ಮೇಲೆ

ಬಾಕ್ಸಿಂಗ್ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇಬ್ಬರು ಗಂಡಸರು ಬರಿಮೈಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ಜಜ್ಜಿಕೊಳ್ಳುವುದನ್ನು ದುಡ್ಡು ಕೊಟ್ಟು ನೋಡುವುದೇನು ಬಂತು ಎಂದು ಮಗನನ್ನು ಗದರಿಸಿದವಳು ನಾನು. ಆದರೂ ಒಂದು ಭಾನುವಾರ ಹುರುಳಿಕಾಯಿ ನಾರು ತೆಗೆಯುತ್ತಾ ಟೀವಿಯ ಮುಂದೆ ಕೂತವಳು, 2005ರ ‘ಸಿಂಡರೆಲಾ ಮ್ಯಾನ್’ ಎಂಬ ಇಂಗ್ಲಿಷ್ ಸಿನಿಮಾವನ್ನು ಕೊನೆಯವರೆಗೂ ನೋಡಿಬಿಟ್ಟೆ. ಹಡಗುಕಟ್ಟೆಯಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕಿದ ಜೇಮ್ಸ್ ಬ್ರಾಡಕ್, ಹೆವಿವೇಟ್ ವಿಶ್ವ ಚಾಂಪಿಯನ್ ಆಗುವ ಕಥೆ. ಅದರಲ್ಲಿ ಅವನ ಎದುರಾಳಿ ಮ್ಯಾಕ್ಸ್ ಬೇರ್‌ನನ್ನು ಕಂಡರೆ ಮೈ ಉರಿಯುತ್ತದೆ. ತನ್ನ ಏಟಿಗೆ ಸತ್ತವರ ವಿಷಯವನ್ನೂ ಹಲ್ಲು ಕಿರಿದು ಹೇಳುವ ದುರುಳ ಅವನು.

“ಎಂಥ ರಾಕ್ಷಸನೋ!” ಎಂದೆ.

“ಅದು ಸಿನಿಮಾದಲ್ಲಮ್ಮಾ. ನಿಜವಾಗಿ ಅವನು ಹಾಗಿರಲಿಲ್ಲವಂತೆ. ಅವನ ಮಗನೇ ತುಂಬಾ ನೊಂದುಕೊಂಡಿದ್ದನಂತೆ” ಎಂದ ಮಗ.

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಮೇಷ್ಟರ ಚಾಳಿ, ಅನುಮಾನ ಬಂದರೆ ಓದದೆ ಬಿಡುವುದಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ.

ಬೇರ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ಒಮಾಹಾ ಊರಿನಲ್ಲಿ. ಮಾಂಸದ ವ್ಯಾಪಾರದ ತಂದೆಗೆ ಅರ್ಧ ಯಹೂದಿ ರಕ್ತ, ತಾಯಿ ಯಹೂದಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ತಂದೆಯ ಜೊತೆ ಭಾರ ಹೊತ್ತೇ ಹುಡುಗನ ಭುಜ ಗಟ್ಟಿಯಾಯಿತು ಎನ್ನುತ್ತಾರೆ. ಅವನ ಬಲಗೈ ಏಟು ತಿಂದು ನಿಲ್ಲುವವರು ಕಡಿಮೆ.

1930ರ ಆಗಸ್ಟ್ 25ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫ್ರಾಂಕಿ ಕ್ಯಾಂಪ್‌ಬೆಲ್ ಎಂಬವನೊಡನೆ ಪಂದ್ಯ. ಐದನೆಯ ಸುತ್ತಿನಲ್ಲಿ ಕ್ಯಾಂಪ್‌ಬೆಲ್ ಅಂಚಿನ ಹಗ್ಗಕ್ಕೆ ಒರಗಿ ಸಿಕ್ಕಿಕೊಂಡ. ಬಿದ್ದಿದ್ದರೆ ಏಟು ನಿಲ್ಲುತ್ತಿತ್ತು. ಹಗ್ಗ ಅವನನ್ನು ಬೀಳಗೊಡಲಿಲ್ಲ. ರೆಫರಿ ತಡೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಮರುದಿನ ಅವನು ಸತ್ತ. ಮನೆಯಲ್ಲಿ ಹೆಂಡತಿ, ಎಳೆಯ ಕೂಸು. ಬೇರ್‌ಗೆ ಆಗ 21 ವರ್ಷ. ಪೊಲೀಸರು ಹಿಡಿದರು, ನರಹತ್ಯೆಯ ಆರೋಪ ಹೊರಿಸಿದರು. ಮುಂದೆ ಕಾನೂನು ಅವನನ್ನು ಬಿಟ್ಟಿತು. ಆ ರಾಜ್ಯದಲ್ಲಿ ಒಂದು ವರ್ಷ ಆಡಬಾರದೆಂದಷ್ಟೇ ಆಯಿತು.

ಕಾನೂನು ಬಿಟ್ಟರೂ ರಾತ್ರಿಗಳು ಬಿಡಲಿಲ್ಲ. ತಂದೆ ಆ ಸಾವನ್ನು ನೆನೆದು ಅಳುತ್ತಿದ್ದರು, ಕೆಟ್ಟ ಕನಸು ಕಾಣುತ್ತಿದ್ದರು ಎಂದು ಅವನ ಮಗ ಹೇಳಿದ್ದಾನೆ. ಕ್ಯಾಂಪ್‌ಬೆಲ್‌ನ ಸಂಸಾರಕ್ಕೆ ಹಣ ಕೊಟ್ಟನೆಂದೂ ಬರೆದಿದ್ದಾರೆ. ಮುಂದಿನ ಕೆಲವು ಪಂದ್ಯಗಳನ್ನು ಸೋತ. ಕಣದಲ್ಲಿ ಜನರನ್ನು ನಗಿಸುವ ಕೋಡಂಗಿ ಎಂದೇ ಹೆಸರಾದ.

1933 ಬಂತು. ಜರ್ಮನಿಯಲ್ಲಿ ಹಿಟ್ಲರ್ ಗದ್ದುಗೆ ಏರಿದ್ದ. ಏಪ್ರಿಲ್‌ನಲ್ಲಿ ಯಹೂದಿಗಳ ಅಂಗಡಿಗಳಿಗೆ ಬಹಿಷ್ಕಾರ ಹಾಕಿಸಿದ. ಜೂನ್ 8ರಂದು ನ್ಯೂಯಾರ್ಕಿನಲ್ಲಿ ಬೇರ್ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನ ಎದುರು ನಿಂತ. ಚಡ್ಡಿಯ ಮೇಲೆ ಯಹೂದಿಗಳ ಆರು ಮೂಲೆಯ ನಕ್ಷತ್ರ ಹೊಲಿಸಿಕೊಂಡಿದ್ದ. ಹತ್ತನೆಯ ಸುತ್ತಿನಲ್ಲಿ ಗೆದ್ದ. ಆ ನಕ್ಷತ್ರವನ್ನು ಮತ್ತೆ ತೆಗೆಯಲಿಲ್ಲ. ಶ್ಮೆಲಿಂಗ್‌ನನ್ನು ಜನ ಹಿಟ್ಲರನ ಬಂಟನೆಂದು ಹಳಿದರು. ಅವನ ಮ್ಯಾನೇಜರೇ ಯಹೂದಿ. 1938ರ ನವೆಂಬರಿನ ಹಿಂಸೆಯಲ್ಲಿ ಇಬ್ಬರು ಯಹೂದಿ ಹುಡುಗರನ್ನು ತನ್ನ ಕೋಣೆಯಲ್ಲಿ ಬಚ್ಚಿಟ್ಟು ಉಳಿಸಿದವನೂ ಅವನೇ. ಹೊರಗಿನಿಂದ ನೋಡಿ ಯಾರ ಹಣೆಯ ಮೇಲೆ ಏನು ಬರೆಯುವುದು ಹೇಳಿ!

1934ರ ಜೂನ್ 14ರಂದು ಬೇರ್, ಇಟಲಿಯ ದೈತ್ಯ ಪ್ರಿಮೊ ಕಾರ್ನೆರಾನನ್ನು ಮತ್ತೆ ಮತ್ತೆ ಕೆಡವಿ ವಿಶ್ವ ಚಾಂಪಿಯನ್ ಆದ. ಪಟ್ಟ ಉಳಿದದ್ದು ವರ್ಷಕ್ಕೆ ಒಂದು ದಿನ ಕಡಿಮೆ. 1935ರ ಜೂನ್ 13ರಂದು ಹದಿನೈದು ಸುತ್ತು ಆಡಿ ಬ್ರಾಡಕ್‌ಗೆ ಸೋತ. ಆ ಪಂದ್ಯದಲ್ಲೂ ಮಂಗಾಟವೇ. ಸೋತ ತಿಂಗಳಲ್ಲೇ ಮದುವೆಯಾಗಿ, ಮುಂದೆ ಮೂರು ಮಕ್ಕಳ ತಂದೆಯಾದ. 1959ರಲ್ಲಿ, ಐವತ್ತನೆಯ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ. ಸತ್ತವರ ಹೆಸರಿನಲ್ಲಿ ಜಂಬ ಕೊಚ್ಚುವ ಮನುಷ್ಯ ಸಿನಿಮಾದಲ್ಲಿ ಮಾತ್ರ ಇದ್ದ.

ಇದನ್ನೆಲ್ಲ ಓದುತ್ತಾ ನನಗೆ ನಿದ್ದೆ ಕೆಟ್ಟಿದ್ದಕ್ಕೆ ಕಾರಣ ಬೇರೆ. 1997ರಲ್ಲಿ ನಾನು ಏಳನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಮೇಜಿನ ಮೇಲೆ ಬೆತ್ತ ಇಟ್ಟುಕೊಳ್ಳುವುದೇ ಶಿಸ್ತು ಎಂದುಕೊಂಡಿದ್ದ ಕಾಲ. ಹೋಂವರ್ಕ್ ತಾರದ ಹುಡುಗಿಯೊಬ್ಬಳನ್ನು ಎಬ್ಬಿಸಿ ಬೈಯುತ್ತಿದ್ದೆ. ಅವಳು ನಕ್ಕಳು. ಬೈದಷ್ಟೂ ನಕ್ಕಳು. ನನ್ನನ್ನೇ ಅಣಕಿಸುತ್ತಾಳೆ ಎನಿಸಿ ಕೆನ್ನೆಗೆ ಬಾರಿಸಿದೆ. ಏಟು ಕಿವಿಯ ಓಲೆಗೆ ತಾಗಿ ಕಿವಿ ಹರಿಯಿತು. ಬಿಳಿ ಸಮವಸ್ತ್ರದ ಮೇಲೆ ರಕ್ತ. ಆಗಲೂ ಅವಳ ತುಟಿಯ ಮೇಲೆ ಆ ನಗು ಹಾಗೇ ಇತ್ತು. ಮನೆಯವರು ಬಂದು, “ಮಿಸ್ಸು ಒಳ್ಳೆಯದಕ್ಕೇ ಹೊಡೆದಿರ್ತಾರೆ” ಎಂದು ನನ್ನನ್ನೇ ಸಮಾಧಾನಪಡಿಸಿ ಹೋದರು.

ಹೆದರಿದ ಮಕ್ಕಳು ನಗುತ್ತವೆ ಎಂದು ತಿಳಿಯಲು ನನಗೆ ಮತ್ತೂ ಎಷ್ಟೋ ವರ್ಷ ಬೇಕಾಯಿತು. ಬಿ.ಎಡ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರಕ್ಕೆ ಒಳ್ಳೆಯ ಅಂಕ ಬಂದಿತ್ತು! ನೀವೂ ಮನೆಯಲ್ಲಿ ಗಮನಿಸಿರಬಹುದು, ಅಳಲಾರದ್ದಕ್ಕೆ ನಗುವವರು ದೊಡ್ಡವರಲ್ಲೂ ಇದ್ದಾರೆ. ಬೇರ್‌ನ ನಗುವೂ ಅಂಥದ್ದೇ ಇದ್ದೀತು.

ಅಂದಿನಿಂದ ಬೆತ್ತ ಮುಟ್ಟಲಿಲ್ಲ. ಆದರೆ ಅದರಿಂದ ಹರಿದ ಕಿವಿ ಕೂಡಿಕೊಳ್ಳುವುದಿಲ್ಲವಲ್ಲ.

ಹೋದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಗುರುತಿಸಿ ಬಂದಳು. “ಚೆನ್ನಾಗಿದ್ದೀರಾ ಮಿಸ್? ಇವರು ನಮ್ಮ ಮಿಸ್ಸು, ನಮಸ್ಕಾರ ಮಾಡೇ” ಎಂದು ಮಗಳನ್ನು ಮುಂದೆ ತಳ್ಳಿದಳು. ನನ್ನ ಕಣ್ಣು ಅವಳ ಕಿವಿಗೇ ಹೋಯಿತು. ಹೊಲಿದ ಗೆರೆ ಇತ್ತು. “ಅವತ್ತು ನಾನು...” ಎಂದು ಶುರುಮಾಡಿದೆ. “ಬಸ್ಸು ಬಂತು, ಬರ್ತೀನಿ ಮಿಸ್” ಎಂದು ನಕ್ಕಳು. ಅದು ಯಾವ ನಗುವೋ ನನಗೆ ತಿಳಿಯಲಿಲ್ಲ.

ಕಿಟಕಿಯಿಂದ ಮಗು ಕೈ ಬೀಸಿತು. ನಾನೂ ಬೀಸಿದೆ, ಅದೇ ಕೈ.