ಹೊಟ್ಟೆಪಾಡೂ ಕೊಲೆಪಾಡೂ

ಪತ್ತೇದಾರಿ ಕಾದಂಬರಿ ಬರೆಯುವವರನ್ನು ಕಂಡರೆ ನನಗೆ ಗೌರವಕ್ಕಿಂತ ಮೊದಲು ಅನುಮಾನ ಬರುತ್ತದೆ. ‘ಇದೆಲ್ಲ ನಿಮಗೆ ಹೇಗೆ ಗೊತ್ತು?’ ಎಂದು ಪ್ರೇಮಕಥೆಯವರನ್ನು ಕೇಳಿದರೆ ನಾಚಿಕೊಂಡು ನಗುತ್ತಾರೆ. ಯಾವ ವಿಷ ಎಷ್ಟು ಹೊತ್ತಿಗೆ ತಲೆಗೇರುತ್ತದೆ ಎಂದು ಕರಾರುವಾಕ್ಕಾಗಿ ಬರೆಯುವವರನ್ನು ಅದೇ ಪ್ರಶ್ನೆ ಕೇಳುವುದಾದರೆ, ನಮ್ಮ ಕಾಫಿ ಲೋಟ ನಮ್ಮ ಕೈಯಲ್ಲೇ ಇರುವುದು ಕ್ಷೇಮ.

ಹೈದರಾಬಾದಿನಲ್ಲಿ ಇಂಥವರ ಕಾಲವೊಂದಿತ್ತು. ನಾವು ಕಾಚಿಗುಡದ ಕನ್ನಡಿಗರು ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಅಂತ ನಮ್ಮ ಪಾಡಿಗೆ ಸಭ್ಯರಾಗಿದ್ದವರು. ಆದರೆ ‘ಆಂಧ್ರಭೂಮಿ’ ವಾರಪತ್ರಿಕೆ ಬಂದ ದಿನ ನಮ್ಮ ಹೆಂಗಸರೆಲ್ಲ ಪಕ್ಕದ ಮನೆಯ ಅತ್ತಯ್ಯಗಾರು ಕಾಂಪೌಂಡಿನ ಹತ್ತಿರ ಬರುವುದನ್ನೇ ಕಾಯುತ್ತಿದ್ದರು. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳಂ’ ಅದರಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಪುಟ್ಟ ಹುಡುಗಿಯ ಮೇಲೆ ಮಾಟ, ಕಾಷ್ಮೋರಾ ಎಂಬ ಕ್ಷುದ್ರಶಕ್ತಿ! ಅತ್ತಯ್ಯಗಾರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕಥೆ ಹೇಳಿ, ಸರಿಯಾದ ಜಾಗದಲ್ಲಿ ನಿಲ್ಲಿಸಿ, ‘ತಕ್ಕಿನದಿ ವಚ್ಚೇ ವಾರಂ’ (ಉಳಿದದ್ದು ಮುಂದಿನ ವಾರ) ಎಂದು ಅನ್ನಕ್ಕಿಡಲು ಒಳಗೆ ಹೋಗಿಬಿಡುತ್ತಿದ್ದರು. ಮೂಢನಂಬಿಕೆ ಬಿತ್ತುತ್ತದೆ ಎಂದು ಆ ಕಾದಂಬರಿಯ ಮೇಲೆ ತೆಲುಗು ಲೇಖಕಿ ರಂಗನಾಯಕಮ್ಮ ಹರಿಹಾಯ್ದರು. ಅವರ ಮಾತಿನಲ್ಲಿ ಹುರುಳಿತ್ತು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಆಗ ಮಾತ್ರ ರಾತ್ರಿ ಒಬ್ಬರೇ ಹಿತ್ತಿಲಿಗೆ ಹೋಗುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇಷ್ಟು ಹೆದರಿಸಿದ ಮನುಷ್ಯ ಹಗಲಿನಲ್ಲಿ ಏನಾಗಿದ್ದರು ಗೊತ್ತೇ? ಚಾರ್ಟರ್ಡ್ ಅಕೌಂಟೆಂಟ್. ಆಂಧ್ರ ಬ್ಯಾಂಕಿನಲ್ಲಿ ನೌಕರಿ. ನನ್ನ ತರ್ಕ ಶುರುವಾಗುವುದೇ ಇಲ್ಲಿಂದ. ಸ್ಫೂರ್ತಿ ಎಲ್ಲಿಂದ ಎಂದು ಈ ಬರಹಗಾರರನ್ನು ಕೇಳುವ ಬದಲು, ಸಂಬಳ ಎಲ್ಲಿಂದ ಎಂದು ಕೇಳಬೇಕು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಕೆಲಸ ಮಾಡಿದ್ದಾಕೆ. 1920ರ ಮೊದಲ ಕಾದಂಬರಿಯಲ್ಲೇ ವಿಷವಿಕ್ಕಿದಳು. ಯಂಡಮೂರಿಯವರ ‘ಅಭಿಲಾಷ’ದಲ್ಲಿ ಮರಣದಂಡನೆ ರದ್ದಾಗಬೇಕೆಂದು ಹಟ ಹಿಡಿದ ವಕೀಲನೊಬ್ಬ, ತಾನು ಮಾಡದ ಕೊಲೆಗೆ ತನ್ನ ಮೇಲೇ ಸಾಕ್ಷಿ ಹೂಡಿಕೊಂಡು ಸಿಕ್ಕಿಬೀಳುತ್ತಾನೆ. 1956ರಲ್ಲಿ ಫ್ರಿಟ್ಸ್ ಲ್ಯಾಂಗ್ ತೆಗೆದ ಹಾಲಿವುಡ್ ಚಿತ್ರವೊಂದರಲ್ಲೂ ಹೆಚ್ಚುಕಡಿಮೆ ಇದೇ ಹೂರಣವಿದೆ, ಇರಲಿ. ಆದರೆ ಆದಾಯ ತೆರಿಗೆಯ ಕಾಯಿದೆಯಲ್ಲಿ ಸಂದು ಹುಡುಕುವವನ ಕಣ್ಣಿನಿಂದ, ಕೊಲೆಗೆ ಶಿಕ್ಷೆ ವಿಧಿಸುತ್ತಿದ್ದ ಐಪಿಸಿ 302ನ್ನು ಓದಿದ್ದು ನಮ್ಮ ಲೆಕ್ಕಿಗನೇ. ಐದು ವರ್ಷದಲ್ಲಿ ಐವತ್ತು ಲಕ್ಷ ಗಳಿಸುತ್ತೇನೆಂದು ಪಂಥ ಕಟ್ಟುವ ‘ಚಾಲೆಂಜ್’ ಚಿತ್ರದ ನಾಯಕನೂ ಅವರ ಕಾದಂಬರಿಯಿಂದಲೇ ಎದ್ದು ಬಂದವನು.

ಹಾಗಾದರೆ ನಮ್ಮ ಕನ್ನಡದ ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರು? ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಯಿಂದ ತಂದು ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದಿದ ತಲೆಮಾರು ಇನ್ನೂ ಇದೆ. ಹೊಟ್ಟೆಪಾಡಿಗೆ ಹತ್ತಾರು ಕೆಲಸ ಮಾಡಿದವರಿಗೆ ಊರಿನ ಸಂದಿಗೊಂದಿಗಳು ಗೊತ್ತಿರುತ್ತವೆ. ಪತ್ತೇದಾರನಿಗೆ ಬೇಕಾದದ್ದೂ ಅದೇ. ನನ್ನ ತರ್ಕ ಇಲ್ಲೂ ನಿಲ್ಲುತ್ತದೆ. ಸ್ವಲ್ಪ ಊರುಗೋಲು ಬೇಕಷ್ಟೆ.

ಯಂಡಮೂರಿಯವರ ಕೃತಿಗಳಲ್ಲಿ ನನಗೆ ಇಷ್ಟವಾದದ್ದರಲ್ಲಿ ಕೊಲೆಯೇ ಇಲ್ಲ. ವಂಶಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದು, 1995ರಲ್ಲಿ ಸುನೀಲ್ ಕುಮಾರ್ ದೇಸಾಯಿಯವರ ಚಿತ್ರವೂ ಆದ ‘ಬೆಳದಿಂಗಳ ಬಾಲೆ’. ಚದುರಂಗದ ಆಟಗಾರನಿಗೆ ಫೋನಿನಲ್ಲೊಂದು ಹೆಣ್ಣುದನಿ; ಸುಳಿವು ಹಿಡಿದು ಆಕೆ ಯಾರೆಂದು ಹುಡುಕಬೇಕು. ಅನಂತನಾಗ್ ಒದ್ದಾಡುತ್ತಾರೆ, ಮಂಜುಳಾ ಗುರುರಾಜ್ ದನಿ ಕೇಳಿಸುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ರಕ್ತದ ಹನಿಯಿಲ್ಲದೆ ಜನರನ್ನು ಕುರ್ಚಿಯ ತುದಿಯಲ್ಲಿ ಕೂರಿಸುವುದು ಹೆಚ್ಚಿನ ವಿದ್ಯೆ.

ಮುಖ ಕಾಣಿಸದ ಈ ಆಟವನ್ನು ಬದುಕಿನಲ್ಲೇ ಆಡಿದವರೊಬ್ಬರು ಅದೇ ಹೈದರಾಬಾದಿನಲ್ಲಿದ್ದಾರೆ, ಮಲ್ಲಾದಿ ವೆಂಕಟಕೃಷ್ಣಮೂರ್ತಿ. ರಾಶಿ ರಾಶಿ ಕಾದಂಬರಿ, ಅಪರಾಧ ಕಥೆ. ಚಿರಂಜೀವಿಯನ್ನು ಪೆದ್ದು ಪತ್ತೇದಾರನಾಗಿಸಿದ 1986ರ ‘ಚಂಟಬ್ಬಾಯಿ’ಯ ಮೂಲವೂ ಅವರದೇ. ದಶಕಗಟ್ಟಲೆ ಪುಸ್ತಕದ ಬೆನ್ನಿಗೆ ಫೋಟೋ ಹಾಕಿಸಲಿಲ್ಲ, ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳಲಿಲ್ಲ. ನಮ್ಮಲ್ಲಿ ಒಂದು ಕವನ ಸಂಕಲನ ತಂದವರ ಮುಖವೂ ಫ್ಲೆಕ್ಸಿನಲ್ಲಿ ಮೂರು ಭಂಗಿಯಲ್ಲಿರುತ್ತದೆ!

ಮಲ್ಲಾದಿಯವರ ಮುಖ ಗೊತ್ತಿಲ್ಲದ್ದರಿಂದ ನನಗಾದ ತೊಂದರೆ ಬೇರೆ. ಭಾನುವಾರ ಆಬಿಡ್ಸ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೆದಕುವಾಗ, ಪಕ್ಕದಲ್ಲಿ ಕನ್ನಡಕದ ಹಿರಿಯರು ಯಾರಾದರೂ ಜೇಮ್ಸ್ ಹ್ಯಾಡ್ಲಿ ಚೇಸ್ ಹಿಡಿದು ಚೌಕಾಸಿ ಮಾಡುತ್ತಿದ್ದರೆ ಸಾಕು, ಇವರೇ ಇರಬಹುದೇ ಎಂದು ಓರೆಗಣ್ಣಿನಿಂದ ನೋಡುತ್ತೇನೆ. ಅವರೂ ನನ್ನನ್ನು ಹಾಗೇ ನೋಡುತ್ತಾರೆ. ಇಬ್ಬರೂ ಜೇಬು ಮುಟ್ಟಿ ನೋಡಿಕೊಂಡು ಮುಂದಿನ ರಾಶಿಗೆ ಹೋಗುತ್ತೇವೆ.