ಅಕ್ಕನ ಕೌದಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಅಕ್ಕನ ಪಾಸ್‌ಬುಕ್ಕಿನ ಲೆಕ್ಕ ಬಾಯಿಪಾಠವಿತ್ತು. ಅವಳ ಮನಸ್ಸಿನಲ್ಲಿ ಏನಿದೆಯೆಂದು ಮಾತ್ರ ಕೇಳಿರಲಿಲ್ಲ.

ನಮ್ಮ ಜವಳಗೇರಾ ರಾಯಚೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯ ಮೇಲಿನ ಊರು. ಅಕ್ಕನ ಮದುವೆಯಾದದ್ದು 1963ರಲ್ಲಿ. ಮೂರು ವರ್ಷಕ್ಕೆ ಭಾವ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು. ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡರೆಂದು ಸುದ್ದಿ ಬಂತು. ಅಕ್ಕ ತವರಿಗೆ ಬಂದಳು. ‘ಆ ಮಾತು ಮನಿಯಾಗ ಎತ್ತಬ್ಯಾಡ್ರಿ’ ಅಂದಳು ಅವ್ವ. ನಾವು ಎತ್ತಲಿಲ್ಲ. ಐವತ್ತು ವರ್ಷ ಮೀರಿತು. ಅದನ್ನೇ ನಾನು ಮರ್ಯಾದೆ ಅಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗಿ, ಮದುವೆಯಾದ ವರ್ಷದೊಳಗೇ ಗಂಡನ ಮನೆಯಿಂದ ತಿರುಗಿ ಬಂದಳು. ಡಿಗ್ರಿ ಓದಿದವಳು, ಇಪ್ಪತ್ತನಾಲ್ಕರ ಪ್ರಾಯ. ಸಮಾಧಾನ ಹೇಳುವ ನೆಪದಲ್ಲಿ ಓಣಿಯವರು ಕೇಳಬಾರದ್ದೆಲ್ಲ ಕೇಳುತ್ತಿದ್ದರು. ಅಕ್ಕ ಏನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಹಳೆ ಸೀರೆಗಳ ಗಂಟನ್ನು ಕಟ್ಟೆಯ ಮೇಲೆ ಬಿಚ್ಚಿ, ‘ಕಣ್ಣು ಕಾಣಂಗಿಲ್ಲವ್ವಾ, ಸೂಜಿಗೆ ದಾರ ಪೋಣಿಸಿ ಕೊಡು’ ಅಂದಳು.

ಮಕ್ಕಳೇ, ಕೌದಿ ಹೊಲಿಯುವುದನ್ನು ನೋಡಿದ್ದೀರಾ? ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಕೈಹೊಲಿಗೆ ಹಾಕುತ್ತ ಬರಬೇಕು. ದಿನಗಟ್ಟಲೆ ಹಿಡಿಯುತ್ತದೆ. ಇಬ್ಬರು ಎದುರುಬದುರು ಕೂತರೂ ಕಣ್ಣು ಬಟ್ಟೆಯ ಮೇಲಿರುತ್ತದೆ, ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಕಷ್ಟದ ಮಾತು ಆಡಲು ಅದೇ ಅನುಕೂಲವೇನೋ.

ಒಂದು ದಿನ ನಾನು ಒಳಗೆ ಪೇಪರ್ ಓದುತ್ತಿದ್ದೆ. ಹುಡುಗಿ ಕೇಳುತ್ತಿದ್ದಳು, ‘ದೊಡ್ಡವ್ವಾ, ಅವರು ಹ್ವಾದಮ್ಯಾಲೆ ನಿನಗ ಸಿಟ್ಟು ಬರಲಿಲ್ಲೇನು?’

‘ಸಿಟ್ಟು ಆಮ್ಯಾಲೆ ಬಂತು. ಹನ್ನೊಂದು ವರ್ಷ ದಿನಾ ಸಂಜಿಕ ಬಸ್ಸಿನ ದಾರಿ ನೋಡ್ತಿದ್ದೆ. ನೀ ಹಂಗ ನೋಡಬ್ಯಾಡವ್ವಾ.’

ಹನ್ನೊಂದು ವರ್ಷ! ನಾನು ಅದೇ ಮನೆಯಲ್ಲಿದ್ದೆ. ಸಂಜೆ ಅವಳು ಬಾಗಿಲಲ್ಲಿ ನಿಲ್ಲುವುದು ಗಾಳಿಗೆಂದು ತಿಳಿದಿದ್ದೆ. ಪೇಪರ್ ಕೈಯಲ್ಲೇ ಉಳಿಯಿತು.

ಆಮೇಲೊಂದು ದಿನ ಅಕ್ಕ ಟ್ರಂಕಿನಿಂದ ತನ್ನ ಮದುವೆಯ ಇಳಕಲ್ ಸೀರೆ ತೆಗೆದು ಕತ್ತರಿ ಹಾಕಿಸಿದಳು. ‘ನಂದು ಈಗ ಕತ್ತರಿಸಾಕ ಮನಸಾಗಂಗಿಲ್ಲ’ ಅಂದಳು ಹುಡುಗಿ. ‘ಬ್ಯಾಡ ಬಿಡು. ನನಗ ಅರವತ್ತು ವರ್ಷ ಹಿಡೀತು.’

2000-01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದ ಹೊಸತರಲ್ಲಿ ಅಕ್ಕ ಸಂಘಕ್ಕೆ ಸೇರಿದ್ದಳು. ಅಂದಿನಿಂದ ಹೆಬ್ಬೆಟ್ಟೇ. ಇಂಕ್ ಪ್ಯಾಡ್ ಮುಂದಿಡುತ್ತಿದ್ದವನು ನಾನೇ, ಹೆಸರು ಬರೆಯಲು ಕಲಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಹುಡುಗಿ ಸೀಮೆಸುಣ್ಣದಲ್ಲಿ ಕಟ್ಟೆಯ ಮೇಲೆ ಬರೆಸಿ ಬರೆಸಿ ಕಲಿಸಿದಳು. ಬ್ಯಾಂಕಿನಲ್ಲಿ ಮಾದರಿ ಸಹಿ ಕೊಡುವಾಗ ಮೂರು ಸಹಿ ಮೂರು ಥರ ಬಂದವು. ಕೌಂಟರಿನ ಹುಡುಗ ನಕ್ಕ, ನಾನೂ ನಕ್ಕೆ. ಅಕ್ಕ ನಗಲಿಲ್ಲ. ಇನ್ನೊಂದು ಹಾಳೆ ಕೇಳಿದಳು.

ಈಗ ಹುಡುಗಿಗೆ ರಾಯಚೂರಿನಲ್ಲಿ ಕೆಲಸ ಸಿಕ್ಕಿದೆ. ಎರಡನೆಯ ಕೌದಿ ಅರ್ಧವಾಗಿದೆ. ಶನಿವಾರ ಸಂಜೆಯಾದರೆ ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಾಳೆ, ‘ತಮ್ಮಾ, ರಾಯಚೂರು ಬಸ್ಸು ಬಂತೇನೋ ನೋಡು.’